ಮನೇಲಿ ಕೂತು 24 ಗಂಟೆ ರೇಡಿಯೋ ನಡೆಸೋದು: ಅಜುರಾಕಾಸ್ಟ್ ಹಾಕೋದ್ರಿಂದ ಹಿಡಿದು ಬೆಳಗಿನ ಭಜನೆ ಬೆಳಿಗ್ಗೇನೇ ಬರೋವರೆಗೆ

ನಮ್ಮೂರ ತಾಳಮದ್ದಳೆ ಸಂಘದ ಹತ್ರ ಎರಡು ಟ್ರಂಕ್ ತುಂಬ ಕ್ಯಾಸೆಟ್ ಇತ್ತು. ಪ್ರತಿ ಮಳೆಗಾಲಕ್ಕೂ ಬೂಷ್ಟು ಹಿಡಿಯೋದು, ಬಿಸಿಲು ಬಂದ ಮೇಲೆ ಅಂಗಳದಲ್ಲಿ ಹರವೋದು, ಮತ್ತೆ ಟ್ರಂಕಿಗೆ ತುಂಬೋದು. ಕೊನೆಗೆ ಒಂದಿಷ್ಟನ್ನ ಕಂಪ್ಯೂಟರಿಗೆ ಇಳಿಸಿ ಪೆನ್‌ಡ್ರೈವ್ ಮಾಡಿ ಎಲ್ರಿಗೂ ಹಂಚಿದ್ವಿ. ಒಬ್ರೂ ಕೇಳ್ಲಿಲ್ಲ. ಮೂರು ಗಂಟೆ ಫೈಲ್ ಹುಡುಕಿ ಪ್ಲೇ ಒತ್ತೋದೇ ಬೇರೆ, ಅಡುಗೆಮನೇಲಿ ರೇಡಿಯೋ ತನ್ನಷ್ಟಕ್ಕೆ ಮಾತಾಡ್ತಾ ಇರೋದೇ ಬೇರೆ ಅಂತ ಆವಾಗ ಗೊತ್ತಾಯ್ತು. ಹಂಗಾಗಿ ಇಂಟರ್ನೆಟ್ ರೇಡಿಯೋ ಮಾಡೋಣ ಅಂತ ಕೂತೆ.

ಸಾಫ್ಟ್‌ವೇರ್ ಹಾಕೋಕೆ ಹಿಡಿದಿದ್ದು ಒಂದು ಸಂಜೆ. ಫೈಲ್ ಒಪ್ಪ ಮಾಡೋಕೆ, ಯಾವುದು ಯಾವಾಗ ಬರಬೇಕು ಅಂತ ಕೂರಿಸೋಕೆ ನಾಲ್ಕೈದು ತಿಂಗಳು. ಅದಕ್ಕೇ ಇಲ್ಲೂ ಇನ್‌ಸ್ಟಾಲ್ ವಿಷಯ ಚಿಕ್ಕದಾಗಿ ಮುಗಿಸಿ ಉಳಿದಿದ್ದನ್ನ ಉದ್ದಕ್ಕೆ ಬರೀತೀನಿ, ಇನ್‌ಸ್ಟಾಲ್ ತೋರಿಸೋ ವೀಡಿಯೋ ಬೇಕಾದಷ್ಟು ಸಿಗತ್ತೆ, ಎರಡನೇ ದಿನ ಏನು ಮಾಡ್ಬೇಕು ಅಂತ ಯಾರೂ ಹೇಳಲ್ಲ.

ಒಳಗೆ ಯಾರ್ಯಾರು ಕೆಲಸ ಮಾಡ್ತಾರೆ

ಮದುವೆ ಮನೆ ಲೆಕ್ಕದಲ್ಲಿ ಹೇಳ್ತೀನಿ. ಲಿಕ್ವಿಡ್‌ಸೋಪ್ ಅನ್ನೋದು ಅಡುಗೆ ಭಟ್ರು: ಮುಂದಿನ ಫೈಲ್ ತೆಗೆದು, ಹಿಂದಿನದ್ದಕ್ಕೆ ಸೇರಿಸಿ, ಎಂಪಿ3 ಇಲ್ಲಾ ಎಎಸಿ ಆಗಿ ಬೇಯಿಸಿ ಕೊಡೋರು. ಐಸ್‌ಕಾಸ್ಟ್ ಬಡಿಸೋರು: ಬಂದ ಒಂದು ಧಾರೇನ, ಅಂದ್ರೆ ಹರೀತಾ ಇರೋ ಆಡಿಯೋ ಸ್ಟ್ರೀಮನ್ನ, ಕೇಳೋರು ಎಷ್ಟು ಜನ ಇದ್ರೂ ಒಬ್ಬೊಬ್ರಿಗೂ ಹಂಚೋದು. ಅಜುರಾಕಾಸ್ಟ್ ಉಸ್ತುವಾರಿ ನೋಡ್ಕೊಳ್ಳೋ ಮಾವ: ಬ್ರೌಸರಲ್ಲೇ ಫೈಲ್ ಏರಿಸಿ, ಪ್ಲೇಲಿಸ್ಟ್ ಮಾಡಿ, ಟೈಮ್ ಹಾಕಿ ಕೊಟ್ರೆ ಉಳಿದ ಇಬ್ರ ಹತ್ರ ಕೆಲಸ ತೆಗೆಸೋದು ಅದ್ರ ಜವಾಬ್ದಾರಿ. ಮೂರೂ ಓಪನ್ ಸೋರ್ಸ್, ದುಡ್ಡು ಕೊಡ್ಬೇಕಿಲ್ಲ. ಈ ಹೋಲಿಕೆ ತಲೇಲಿ ಇಟ್ಕೊಳ್ಳಿ, ಮುಂದೆ ಕೆಟ್ಟಾಗ ಉಪಯೋಗಕ್ಕೆ ಬರತ್ತೆ. ಸಾರು ಹಳಸಿದ್ರೆ ಭಟ್ರ ಲಾಗ್ (ಏನೇನು ಮಾಡಿದೆ ಅಂತ ಅದೇ ಬರೆದಿಡೋ ದಾಖಲೆ) ನೋಡ್ಬೇಕು, ಎಲೆಗೇ ಬರ್ಲಿಲ್ಲ ಅಂದ್ರೆ ಬಡಿಸೋರ ಲಾಗ್.

ಲಿಬ್ರೆಟೈಮ್ ಅಂತ ಇನ್ನೊಂದಿದೆ, ಗಂಟೆ ಗಂಟೆಗೂ ಕಾರ್ಯಕ್ರಮ ಕ್ಯಾಲೆಂಡರಲ್ಲಿ ಕೂರಿಸೋ ಸ್ಟೇಷನ್‌ಗಳಿಗೆ ಅದು ಒಳ್ಳೇದು. ಕಮಾಂಡ್ ಲೈನ್ ಪ್ರೀತಿ ಇರೋರು ಬರೀ ಐಸ್‌ಕಾಸ್ಟ್ ಮತ್ತು ಲಿಕ್ವಿಡ್‌ಸೋಪ್ ಇಟ್ಕೊಂಡು ಹತ್ತು ಸಾಲಿನ ಸ್ಕ್ರಿಪ್ಟಲ್ಲೂ ರೇಡಿಯೋ ನಡೆಸಬಹುದು. ನನಗೆ ಸಂಘದ ಬೇರೆಯವರೂ ಲಾಗಿನ್ ಆಗಿ ಫೈಲ್ ಹಾಕೋ ಹಂಗಿರಬೇಕಿತ್ತು, ಅದಕ್ಕೆ ಅಜುರಾಕಾಸ್ಟ್.

ಹಾಡು ಯಾರದ್ದು ಅನ್ನೋದು ಮೊದಲು

ಇದನ್ನ ಎಲ್ರೂ ಕೊನೇಲಿ ಯೋಚನೆ ಮಾಡ್ತಾರೆ. ಎಫ್‌ಎಂ ತರಂಗ ಬಳಸ್ತಿಲ್ಲ, ಹಾಗಾಗಿ ತರಂಗದ ಲೈಸೆನ್ಸ್ ಬೇಡ, ಸರಿ. ಆದ್ರೆ ಸಿನಿಮಾ ಹಾಡು ಹಾಕ್ಬೇಕು ಅಂದ್ರೆ ಸಾಹಿತ್ಯ-ಸಂಗೀತಕ್ಕೆ ಐಪಿಆರ್‌ಎಸ್, ರೆಕಾರ್ಡಿಂಗಿಗೆ ಪಿಪಿಎಲ್ (ಇವೆರಡೂ ಹಕ್ಕುದಾರರ ಪರ ಲೈಸೆನ್ಸ್ ಕೊಡೋ ಸಂಸ್ಥೆಗಳು) ಇಲ್ಲಾ ನೇರವಾಗಿ ಆಡಿಯೋ ಕಂಪನಿ, ಹಿಂಗೆ ಎರಡೂ ಕಡೆ ಒಪ್ಪಿಗೆ ಬೇಕು. ನಿಗದಿ ರಾಯಲ್ಟಿ ಕಟ್ಟಿ ಹಾಡು ಹಾಕೋಕೆ ಕಾಪಿರೈಟ್ ಕಾಯ್ದೆಯಲ್ಲಿ 31ಡಿ ಅಂತ ಸೆಕ್ಷನ್ ಇದೆ, ಅದು ರೇಡಿಯೋ-ಟೀವಿಗೆ ಮಾತ್ರ, ಇಂಟರ್ನೆಟ್ಟಿಗೆ ಇಲ್ಲ ಅಂತ ಬಾಂಬೆ ಹೈಕೋರ್ಟ್ 2019ರಲ್ಲಿ ಹೇಳ್ತು, 2022ರಲ್ಲಿ ಅಲ್ಲಿನ ವಿಭಾಗೀಯ ಪೀಠಾನೂ ಅದನ್ನೇ ಎತ್ತಿಹಿಡೀತು. ಅಂದ್ರೆ ಸಣ್ಣ ಸ್ಟೇಷನ್‌ಗೆ ಸಿನಿಮಾ ಹಾಡು ದುಬಾರಿ ಬಾಬತ್ತು, ಬಿಟ್ಟುಬಿಡಿ.

ಹಳೇದೆಲ್ಲಾ ಫ್ರೀ ಅಂತಾನೂ ಅಂದ್ಕೋಬೇಡಿ. ರೆಕಾರ್ಡಿಂಗಿಗೆ ಪ್ರಕಟ ಆದ ಮುಂದಿನ ವರ್ಷದಿಂದ 60 ವರ್ಷ ಹಕ್ಕಿರತ್ತೆ, 1964ರಲ್ಲಿ ಬಂದ ಡಿಸ್ಕ್ ಆದ್ರೆ 2024ರ ಕೊನೆಗೆ ಮುಗೀತು. ಆದ್ರೆ ಅದ್ರೊಳಗಿನ ಕವಿತೆಗೆ ಕವಿ ತೀರಿಕೊಂಡ ಮೇಲೆ 60 ವರ್ಷ. ಬೇಂದ್ರೆ ಹೋಗಿದ್ದು 1981ರಲ್ಲಿ, ಅಂದ್ರೆ 2041ರವರೆಗೆ ಕೇಳಿಯೇ ಹಾಕ್ಬೇಕು, ಕುವೆಂಪು ಹೋಗಿದ್ದು 1994, ಅವರದ್ದು 2054ರವರೆಗೆ. ಪಂಜೆ ಮಂಗೇಶರಾಯರು 1937ರಲ್ಲೇ ಹೋದ್ರು, ಅವರ ಕವಿತೇನ ನಿಮ್ಮ ಮನೆ ಮಕ್ಕಳ ಕೈಲಿ ಓದ್ಸಿ ಹಾಕಿದ್ರೆ ಯಾರನ್ನೂ ಕೇಳ್ಬೇಕಿಲ್ಲ. ವಚನ, ದಾಸರ ಪದ ಇವಕ್ಕೂ ಹಂಗೇ, ಆದ್ರೆ ಬೇರೆಯವರು ಹಾಡಿ ಬಿಡುಗಡೆ ಮಾಡಿದ ರೆಕಾರ್ಡಿಂಗ್ ಅವರದ್ದೇ ಆಸ್ತಿ.

ತಾಳಮದ್ದಳೇಲಿ ಇನ್ನೊಂದು ತೊಡಕು, ಅರ್ಥಧಾರಿ ಅಲ್ಲೇ ಕೂತು ಕಟ್ಟಿದ ಮಾತು ಅವರ ಪ್ರದರ್ಶನ, ಪ್ರದರ್ಶಕರ ಹಕ್ಕು 50 ವರ್ಷ ಇರತ್ತೆ. ನಾವು ಒಂದು ಪುಟದ ಒಪ್ಪಿಗೆ ಪತ್ರ ಮಾಡಿ ಮನೆ ಮನೆಗೆ ಹೋಗಿ ಸಹಿ ಹಾಕಿಸ್ಕೊಂಡ್ವಿ, ತೀರಿಕೊಂಡೋರದ್ದು ಮಕ್ಕಳ ಹತ್ರ. ಒಂದು ಮನೇಲಿ ಮಗ ಸಹಿ ಹಾಕೋ ಮುಂಚೆ "ಅಪ್ಪನ ಧ್ವನಿ ಒಂದ್ಸಲ ಹಾಕು ಮಾರಾಯ" ಅಂದ, ಆವತ್ತು ಮೂರು ಮನೆಗೆ ಹೋಗೋ ಪ್ಲಾನು ಒಂದೇ ಮನೇಲಿ ಮುಗೀತು.

ಸರ್ವರ್ ಎಲ್ಲಿ, ಎಷ್ಟು ದೊಡ್ಡದು

ಮನೆ ಹಳೇ ಕಂಪ್ಯೂಟರಲ್ಲೇ ಮಾಡೋಣ ಅಂತ ಆಸೆ ಇರತ್ತೆ. ಕಲಿಯೋಕೆ ಮಾಡಿ, ನಡೆಸೋಕೆ ಬೇಡ. ಮನೆ ಇಂಟರ್ನೆಟ್ಟಲ್ಲಿ ತುಂಬ ಕಡೆ ನಿಮಗೇ ಅಂತ ಪಬ್ಲಿಕ್ ಐಪಿ ಇರಲ್ಲ, ಸಿಜಿನ್ಯಾಟ್ ಹಿಂದೆ ನೂರಾರು ಮನೆ ಒಂದೇ ವಿಳಾಸ ಹಂಚ್ಕೊಂಡಿರ್ತಾರೆ, ಹೊರಗಿನವರು ಒಳಗೆ ಬರೋಕೇ ಆಗಲ್ಲ. ಮೇಲಿಂದ ಕರೆಂಟು, ಮಲೆನಾಡಲ್ಲಿ ಜೂನ್ ಬಂದ್ರೆ ಅದ್ರ ಕಥೆ ಬೇಡ. ಬಾಡಿಗೆಗೆ ವಿಪಿಎಸ್, ಅಂದ್ರೆ ಡೇಟಾ ಸೆಂಟರಲ್ಲಿರೋ ಸರ್ವರಿನ ಒಂದು ಪಾಲು, ತಗೊಳ್ಳಿ, ಮುಂಬೈ ಇಲ್ಲಾ ಬೆಂಗಳೂರು ಡೇಟಾ ಸೆಂಟರ್ ಇದ್ರೆ ಆರಿಸ್ಕೊಳ್ಳಿ. 2 ಜಿಬಿ ರ್‍ಯಾಮಲ್ಲಿ ಓಡತ್ತೆ ಆದ್ರೆ ಅಪ್ಡೇಟ್ ಟೈಮಲ್ಲಿ ಏದುಸಿರು ಬಿಡತ್ತೆ, 4 ಜಿಬಿ ನೆಮ್ಮದಿ. 2 ಜಿಬಿನೇ ಗತಿ ಅಂದ್ರೆ ಇನ್ನೊಂದು 2 ಜಿಬಿ ಸ್ವ್ಯಾಪ್ ಫೈಲ್ (ಮೆಮೊರಿ ಸಾಲದಾಗ ಬಳಸೋ ಡಿಸ್ಕ್ ಜಾಗ) ಮಾಡ್ಕೊಳ್ಳಿ.

ಬ್ಯಾಂಡ್‌ವಿಡ್ತ್ ಲೆಕ್ಕ ನೀವೇ ಹಾಕ್ಕೋಬೇಕು, ಕಷ್ಟ ಏನಿಲ್ಲ. 128 ಕೆಬಿಪಿಎಸ್ ಧಾರೆ ಅಂದ್ರೆ ಒಬ್ಬ ಒಂದು ಗಂಟೆ ಕೇಳಿದ್ರೆ ಸುಮಾರು 58 ಎಂಬಿ. 64 ಆದ್ರೆ ಅದ್ರ ಅರ್ಧ, 29 ಎಂಬಿ. ಒಬ್ಬ ಪುಣ್ಯಾತ್ಮ ತಿಂಗಳಿಡೀ ಆಫ್ ಮಾಡ್ದೇ 64ರಲ್ಲಿ ಬಿಟ್ರೆ 20 ಜಿಬಿ ಮೇಲೆ, ಅಂಥ 50 ಜನ ಇದ್ರೆ ತಿಂಗಳಿಗೆ 1 ಟಿಬಿ. ಮಾತೇ ಜಾಸ್ತಿ ಇರೋ ಸ್ಟೇಷನ್ ಆದ್ರೆ 48 ಕೆಬಿಪಿಎಸ್ ಎಎಸಿ ಸಾಕು, ಕಿವಿಗೆ ವ್ಯತ್ಯಾಸ ಗೊತ್ತಾಗಲ್ಲ, ಊರಲ್ಲಿ ಒಂದೇ ಕಡ್ಡಿ ಸಿಗ್ನಲ್ ಇರೋರಿಗೂ ತಡೀದೇ ಬರತ್ತೆ. ನಾನು ಎರಡು ಮೌಂಟ್ ಪಾಯಿಂಟ್ ಇಟ್ಟಿದೀನಿ, ಒಂದು 128 ಎಂಪಿ3, ಒಂದು 48 ಎಎಸಿ. ಮೌಂಟ್ ಪಾಯಿಂಟ್ ಅಂದ್ರೆ ಒಂದೇ ಅಡುಗೇನ ಬೇರೆ ಬೇರೆ ಪಾತ್ರೇಲಿ ಇಟ್ಟ ಹಾಗೆ.

ಇನ್‌ಸ್ಟಾಲ್

ಉಬುಂಟು ಲಿನಕ್ಸಿನ ಹೊಸ ಎಲ್‌ಟಿಎಸ್ (ವರ್ಷಗಟ್ಟಲೆ ಅಪ್ಡೇಟ್ ಸಿಗೋ ಆವೃತ್ತಿ) ಇಲ್ಲಾ ಡೆಬಿಯನ್ನಿನ ಹೊಸ ಸ್ಟೇಬಲ್ ಇರೋ ಸರ್ವರ್ ತಗೊಂಡು, ಬೇರೇನೂ ಹಾಕ್ದೇ ಖಾಲಿ ಮಷೀನಲ್ಲಿ ಶುರು ಮಾಡಿ. ವರ್ಡ್‌ಪ್ರೆಸ್ ಇರೋ ಸರ್ವರಲ್ಲೇ ಇದನ್ನೂ ಹಾಕಿದ್ರೆ 80 ಮತ್ತು 443 ಪೋರ್ಟಿಗೆ (ಸರ್ವರಿನ ವೆಬ್ ಬಾಗಿಲುಗಳು) ಇಬ್ರೂ ಕಿತ್ತಾಡ್ತಾರೆ. ಕಮಾಂಡ್‌ಗಳನ್ನ ಅಜುರಾಕಾಸ್ಟ್ ಡಾಕ್ಯುಮೆಂಟೇಶನ್ನಿಂದಾನೇ ಕಾಪಿ ಮಾಡಿ, ಆಗಾಗ ಬದಲಾಗ್ತಿರತ್ತೆ, ಆ ಕಮಾಂಡು ಏನು ಮಾಡತ್ತೆ ಅಂತಷ್ಟೇ ಇಲ್ಲಿ ಹೇಳ್ತೀನಿ. ಮೊದಲು ವಾರ್ ಡೈರೆಕ್ಟರಿ ಒಳಗೆ ಅಜುರಾಕಾಸ್ಟ್ ಅಂತ ಫೋಲ್ಡರ್ ಮಾಡ್ತೀರ, ಅದ್ರೊಳಗೆ ಡಾಕರ್ ಡಾಟ್ ಎಸ್‌ಎಚ್ ಅನ್ನೋ ಒಂದು ಸ್ಕ್ರಿಪ್ಟ್ ಇಳಿಸಿ, ಓಡಿಸೋ ಪರ್ಮಿಶನ್ ಕೊಟ್ಟು, ಇನ್‌ಸ್ಟಾಲ್ ಅಂತ ಓಡಿಸ್ತೀರ. ಡಾಕರ್ (ಸಾಫ್ಟ್‌ವೇರನ್ನ ಪೆಟ್ಟಿಗೆ ಕಟ್ಟಿ ಓಡಿಸೋ ವ್ಯವಸ್ಥೆ) ಇಲ್ಲದಿದ್ರೆ ಅದೇ ಹಾಕ್ಕೊಳತ್ತೆ. ಸ್ಟೇಬಲ್ ಬೇಕೋ ರೋಲಿಂಗ್ ಬೇಕೋ ಅಂತ ಕೇಳಿದ್ರೆ ಸ್ಟೇಬಲ್ ಅನ್ನಿ. ಪೋರ್ಟ್ ಬದಲಾಯಿಸ್ಬೇಕಾ ಅಂದ್ರೆ ಬೇಡ ಅನ್ನಿ. ಒಂದು ಲೋಟ ಕಾಫಿ ಕುಡಿದು ಬರೋ ಅಷ್ಟೊತ್ತಿಗೆ ಮುಗಿದಿರತ್ತೆ.

ಆಮೇಲೆ ಬ್ರೌಸರಲ್ಲಿ ಸರ್ವರ್ ಐಪಿ ಹೊಡೆದ್ರೆ ಸೆಟಪ್ ಪೇಜ್ ಬರತ್ತೆ. ಅದನ್ನ ತಕ್ಷಣ ಮುಗಿಸಿ, ನಾಳೆ ನೋಡೋಣ ಅಂತ ಬಿಡಬೇಡಿ, ಯಾಕಂದ್ರೆ ಮೊದಲು ಬಂದೋರೇ ಅಡ್ಮಿನ್. ಅಡ್ಮಿನ್ ಅಕೌಂಟು, ಸ್ಟೇಷನ್ ಹೆಸರು, ಮುಖ್ಯವಾಗಿ ಟೈಮ್‌ಝೋನ್. ಟೈಮ್‌ಝೋನ್ ಕಥೆ ಕೆಳಗಿದೆ.

ಮೊದಲನೇ ಸ್ಟೇಷನ್ 8000 ಪೋರ್ಟಲ್ಲಿ ಕೂರತ್ತೆ, ಲೈವ್ ಮಾಡೋರಿಗೆ 8005, ಫೈಲ್ ಏರಿಸೋ ಎಸ್‌ಎಫ್‌ಟಿಪಿಗೆ 2022. ವಿಪಿಎಸ್ ಕಂಪನಿಯ ಫೈರ್‌ವಾಲಲ್ಲಿ ಇವನ್ನ ತೆಗೀಬೇಕು. ಇಲ್ಲೊಂದು ವಿಚಿತ್ರ, ಉಬುಂಟುವಿನ ಯುಎಫ್‌ಡಬ್ಲ್ಯೂ ಫೈರ್‌ವಾಲ್ ಹಾಕಿ ಎಲ್ಲಾ ಬಂದ್ ಮಾಡಿದೀನಿ ಅಂತ ನೀವು ಅಂದ್ಕೊಂಡಿದ್ರೂ ಡಾಕರ್ ತೆಗೆದ ಪೋರ್ಟು ಅದನ್ನ ದಾಟಿ ತೆರೆದೇ ಇರತ್ತೆ, ಹಾಗಾಗಿ ಕಂಪನಿ ಕೊಡೋ ಹೊರಗಿನ ಫೈರ್‌ವಾಲೇ ನಂಬಿ.

ಒಂದು ಡೊಮೈನ್ ತಗೊಂಡು ಸರ್ವರ್ ಕಡೆ ತಿರುಗಿಸಿ, ಸಿಸ್ಟಮ್ ಸೆಟ್ಟಿಂಗಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಜಾಗದಲ್ಲಿ ಡೊಮೈನ್ ಹೆಸರು, ಇಮೇಲ್ ಹಾಕಿದ್ರೆ ಫ್ರೀ ಸರ್ಟಿಫಿಕೇಟ್ ಬರತ್ತೆ. ಇದು ಬೇಕೇ ಬೇಕು, ಎಚ್‌ಟಿಟಿಪಿಎಸ್ ಇಲ್ಲದ ಧಾರೇನ ಎಚ್‌ಟಿಟಿಪಿಎಸ್ ಪೇಜಲ್ಲಿಟ್ರೆ ಬ್ರೌಸರ್ ಬಾಯಿ ಮುಚ್ಚಿಸತ್ತೆ. ಜೊತೆಗೆ ರೇಡಿಯೋಗೆ ವೆಬ್ ಪ್ರಾಕ್ಸಿ ಬಳಸು ಅನ್ನೋ ಆಯ್ಕೆ ಆನ್ ಮಾಡಿ, ಆವಾಗ ಧಾರೆ 8000 ಬಿಟ್ಟು ಮಾಮೂಲಿ ವೆಬ್ ಪೋರ್ಟಲ್ಲೇ ಹೋಗತ್ತೆ, 8000 ಬಂದ್ ಮಾಡಿರೋ ಆಫೀಸಲ್ಲೂ ಕೇಳಬಹುದು.

ಫೈಲ್ ಒಪ್ಪ ಮಾಡೋದು, ಅಸಲಿ ಕೆಲಸ

ಒಂದು: ಟ್ಯಾಗ್. ಫೈಲ್ ಹೆಸರು ಏನಿದ್ರೂ ಅಜುರಾಕಾಸ್ಟ್ ನೋಡೋದು ಒಳಗಿನ ಐಡಿ3 ಟ್ಯಾಗ್, ಅಂದ್ರೆ ಹಾಡಿನ ಹೆಸರು, ಕಲಾವಿದರು ಬರೆದಿಡೋ ಚೀಟಿ. ಕಿಡ್3 ಅನ್ನೋ ಸಾಫ್ಟ್‌ವೇರಲ್ಲಿ ನೂರು ಫೈಲಿಗೆ ಒಂದೇ ಸಲ ಕಲಾವಿದರು, ಪ್ರಸಂಗ, ವರ್ಷ ಹಾಕಬಹುದು. ಯೂನಿಕೋಡಲ್ಲೇ ಹಾಕಿ. ನಮ್ಮ ಸಂಘದ ಹಳೇ ಪಟ್ಟಿ ಒಬ್ರು ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿಟ್ಟಿದ್ರು, ಕಾಪಿ ಹೊಡೆದು ಟ್ಯಾಗಿಗೆ ಹಾಕಿದ್ರೆ ಪ್ಲೇಯರಲ್ಲಿ ಕಸದ ಅಕ್ಷರ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿದ ಮೇಲೂ ಅರ್ಕಾವತ್ತುಗಳನ್ನ ಕೂತು ತಿದ್ದಿದ್ದಾಯ್ತು. ಲೈವ್ ಮಾಡುವಾಗ ಮಾತ್ರ ಕನ್ನಡ ಕೆಟ್ಟು ಕಾಣ್ತಿದೆ ಅಂದ್ರೆ ಸ್ಟೇಷನ್ನಿನ ಲೈವ್ ಸೆಟ್ಟಿಂಗಲ್ಲಿ ಕ್ಯಾರೆಕ್ಟರ್ ಸೆಟ್ ನೋಡಿ, ಯುಟಿಎಫ್-8 ಇರಬೇಕು, ಹಳೇ ಐಎಸ್‌ಓ ಆಯ್ಕೆ ಕನ್ನಡಕ್ಕಾಗಲ್ಲ.

ಎರಡು: ಧ್ವನಿಯ ಮಟ್ಟ. ಚಂಡೆ ಜೋರಿರೋ ರೆಕಾರ್ಡಿಂಗ್ ಆದ ಮೇಲೆ ಮೆತ್ತಗೆ ಮಾತಾಡೋ ಸಂದರ್ಶನ ಬಂದ್ರೆ ಕೇಳೋರು ವಾಲ್ಯೂಮ್ ಏರಿಸ್ತಾರೆ, ಮುಂದಿನ ಚಂಡೆಗೆ ಎದೆ ಒಡ್ಕೋತಾರೆ. ಎಫ್‌ಎಫ್‌ಎಂಪೆಗ್ ಅನ್ನೋ ಕಮಾಂಡ್ ಲೈನ್ ಸಾಫ್ಟ್‌ವೇರಲ್ಲಿ ಲೌಡ್‌ನಾರ್ಮ್ ಅನ್ನೋ ಫಿಲ್ಟರ್ ಇದೆ. ಟೀವಿ-ರೇಡಿಯೋಗೆ ಯುರೋಪಿನವರು ಮಾಡ್ಕೊಂಡಿರೋ ಆರ್128 ಲೆಕ್ಕ ಮೈನಸ್ 23 ಎಲ್‌ಯುಎಫ್‌ಎಸ್ (ಕಿವಿಗೆ ಎಷ್ಟು ಜೋರು ಅನ್ನೋದರ ಅಳತೆ), ಮೊಬೈಲ್ ಸ್ಪೀಕರಲ್ಲಿ ಕೇಳೋರಿಗೆ ಅದು ತೀರಾ ಸಣ್ಣ, ನಾನು ಮೈನಸ್ 16 ಇಟ್ಕೊಂಡಿದೀನಿ. ಒಂದು ಎಚ್ಚರ, ಸುಮ್ನೆ ಒಂದೇ ಸುತ್ತು ಓಡಿಸಿದ್ರೆ ಲೌಡ್‌ನಾರ್ಮ್ ಸ್ಯಾಂಪಲ್ ರೇಟನ್ನ 192 ಕಿಲೋಹರ್ಟ್ಝ್‌ಗೆ ಏರಿಸಿಬಿಡತ್ತೆ, ಕಮಾಂಡಲ್ಲೇ 44100 ಅಂತ ಹೇಳಿಬಿಡಿ.

ಮೂರು: ಖಾಲಿ ಜಾಗ. ಕ್ಯಾಸೆಟ್ಟಿನ ಒಂದು ಬದಿ ಮುಗಿದ ಮೇಲೆ ಮೂರು ನಿಮಿಷ ಬರೀ ಸುಂಯ್ ಅಂತಿರತ್ತೆ, ಕೇಳೋರು ರೇಡಿಯೋ ಕೆಟ್ಟಿದೆ ಅಂತ ಆಫ್ ಮಾಡ್ತಾರೆ. ಅಡಾಸಿಟಿ ಅನ್ನೋ ಆಡಿಯೋ ಎಡಿಟರಲ್ಲಿ ಕತ್ತರಿಸಬಹುದು, ಇಲ್ಲಾ ಅಜುರಾಕಾಸ್ಟಲ್ಲೇ ಫೈಲ್ ಎಡಿಟ್ ಮಾಡೋ ಕಡೆ ಅಲೆ ಅಲೆಯಾಗಿ ಚಿತ್ರ ಬರತ್ತೆ, ಎಲ್ಲಿ ಶುರು ಎಲ್ಲಿ ಮುಗೀಬೇಕು ಅಂತ ಗುರುತು ಹಾಕಿದ್ರೆ ಮೂಲ ಫೈಲ್ ಮುಟ್ಟದೇ ಕೆಲಸ ಆಗತ್ತೆ.

ಪ್ಲೇಲಿಸ್ಟ್ ಕೂರಿಸೋದು

ಮೂರು ಥರದ್ದು ಸಾಕು. ಸಾಮಾನ್ಯ ರೊಟೇಶನ್: ದಿನವಿಡೀ ತಿರುಗೋದು, ಇದಕ್ಕೆ 1ರಿಂದ 25ರವರೆಗೆ ತೂಕ ಕೊಡಬಹುದು, ಭಜನೆಗೆ 3 ಸಂದರ್ಶನಕ್ಕೆ 1 ಅಂದ್ರೆ ಭಜನೆ ಜಾಸ್ತಿ ಬರತ್ತೆ. ಇಷ್ಟು ಹಾಡಿಗೊಂದು ಸಲ: "ನೀವು ಕೇಳ್ತಿರೋದು ಇಂಥ ರೇಡಿಯೋ" ಅನ್ನೋ ಜಿಂಗಲ್ ಇಲ್ಲಿಗೆ, ನಾನು 4ಕ್ಕೊಂದು ಇಟ್ಟಿದೀನಿ, ಜಿಂಗಲ್ ಮೋಡ್ ಟಿಕ್ ಮಾಡಿ, ಇಲ್ಲಾಂದ್ರೆ ಪ್ಲೇಯರಲ್ಲಿ ಹಾಡಿನ ಹೆಸರಿನ ಜಾಗಕ್ಕೆ ಅದೇ ಬಂದು ಕೂರತ್ತೆ. ಮೂರನೇದು ಟೈಮ್ ಟೇಬಲ್ ಹಾಕಿದ್ದು. ಇಡೀ ಫೋಲ್ಡರನ್ನೇ ಪ್ಲೇಲಿಸ್ಟಿಗೆ ಜೋಡಿಸಿದ್ರೆ ಮುಂದೆ ಆ ಫೋಲ್ಡರಿಗೆ ಬೀಳೋ ಹೊಸ ಫೈಲೂ ತಾನಾಗೇ ಸೇರ್ಕೊಳತ್ತೆ. ನಮ್ಮ ಕಾರ್ಯದರ್ಶಿಗಳಿಗೆ ನಾನು ಕಲಿಸಿದ್ದು ಇದೊಂದೇ, "ಫೋಲ್ಡರಿಗೆ ಹಾಕಿ, ಸುಮ್ನಿರಿ."

ಪ್ಲೇಲಿಸ್ಟ್ ಬದಲಾಯಿಸಿದ ತಕ್ಷಣ ಧಾರೆ ಬದಲಾಗ್ಲಿಲ್ಲ ಅಂತ ಗಾಬರಿ ಆಗ್ಬೇಡಿ, ಮುಂದಿನ ಕೆಲವು ಹಾಡು ಆಗ್ಲೇ ಸರದೀಲಿ ನಿಂತಿರತ್ತೆ, ಸರದಿ ಪೇಜಿಗೆ ಹೋಗಿ ಖಾಲಿ ಮಾಡಿದ್ರಾಯ್ತು.

ಈಗ ಟೈಮ್‌ಝೋನ್. ಬೆಳಿಗ್ಗೆ 6ಕ್ಕೆ ಮಹಿಳಾ ಮಂಡಳಿ ಭಜನೆ ಅಂತ ಹಾಕಿ ಊರಿಗೆಲ್ಲಾ ಲಿಂಕ್ ಕಳಿಸಿ ಮಲಗಿದ್ದೆ. ಮಾರನೇ ದಿನ ದುಬೈಯಿಂದ ಚಿಕ್ಕಪ್ಪ ಫೋನು: "ಏನೋ ತಮ್ಮಾ, ಅಲ್ಲಿ ಹನ್ನೊಂದೂವರೆ ಆಯ್ತಲ್ಲ, ಈಗ ದೇವರನ್ನ ಎಬ್ಬಿಸ್ತಿದೀರಲ್ಲ, ಅವನು ನೈವೇದ್ಯಕ್ಕೆ ಕೂತಾಯ್ತು." ಸ್ಟೇಷನ್ ಯುಟಿಸಿ ಅನ್ನೋ ಅಂತರರಾಷ್ಟ್ರೀಯ ಸಮಯದಲ್ಲೇ ಇತ್ತು, ಅಲ್ಲಿ 6 ಅಂದ್ರೆ ನಮಗೆ 11.30. ಸ್ಟೇಷನ್ ಪ್ರೊಫೈಲ್ ಎಡಿಟ್ ಮಾಡಿ ಏಷ್ಯಾ/ಕೋಲ್ಕತ್ತಾ ಅಂತ ಆರಿಸಿ, ಸ್ಟೇಷನ್ ರೀಸ್ಟಾರ್ಟ್ ಮಾಡಿ. ಸರ್ವರಿನ ಗಡಿಯಾರ ಮುಟ್ಟೋದು ಬೇಡ.

ಅದಾದ್ಮೇಲೂ ಎರಡು ದಿನ ಭಜನೆ 6ಕ್ಕೆ ಬರ್ಲಿಲ್ಲ, ಒಂದಿನ 7.10, ಒಂದಿನ 6.40. ಕಾರಣ ಗೊತ್ತಾಗೋಕೆ ಬೆಳಗಿನ ಜಾವ ಎದ್ದು ಕೇಳ್ತಾ ಕೂರಬೇಕಾಯ್ತು: ನಾಲ್ಕು ಗಂಟೆ ಸುಮಾರಿಗೆ ಶುರುವಾದ ಮೂರು ಗಂಟೆ ಪ್ರಸಂಗ ಇನ್ನೂ ನಡೀತಿದೆ, ಭೀಷ್ಮ ಮಾತು ನಿಲ್ಲಿಸ್ತಿಲ್ಲ. ಅಜುರಾಕಾಸ್ಟ್ ಸುಮ್ನೆ ಬಿಟ್ರೆ ನಡೀತಿರೋ ಫೈಲ್ ಮುಗಿಯೋವರೆಗೂ ಕಾಯತ್ತೆ. ಅಡ್ವಾನ್ಸ್ಡ್ ಆಯ್ಕೇಲಿ, ಟೈಮಿಗೆ ಸರಿಯಾಗಿ ಬೇರೆ ಹಾಡು ತಡೆದು ಇದನ್ನ ಹಾಕು ಅಂತ ಒಂದಿದೆ, ಅದನ್ನ ಹಾಕಿದ್ರೆ 6ಕ್ಕೆ ಸರಿಯಾಗಿ ಭೀಷ್ಮನ ಬಾಯಿ ಮುಚ್ಚಿಸತ್ತೆ, ಅರ್ಧ ವಾಕ್ಯದಲ್ಲೇ. ಸುದ್ದಿಗೋ ಪ್ರಾರ್ಥನೆಗೋ ಸರಿ, ತಾಳಮದ್ದಳೆ ಕೇಳೋರಿಗೆ ಮಾತ್ರ ಇದು ಮಹಾಪರಾಧ. ನಾನು ಮಾಡಿದ್ದು ಬೇರೆ, ಉದ್ದದ ಫೈಲನ್ನ ಅಡಾಸಿಟಿಯಲ್ಲಿ ತೆರೆದು ಭಾಗವತರ ಪದ್ಯ ಶುರುವಾಗೋ ಕಡೆಗಳಲ್ಲಿ ಲೇಬಲ್ ಹಾಕಿ, ಲೇಬಲ್ ಪ್ರಕಾರ ತುಂಡು ಮಾಡಿ ರಫ್ತು ಮಾಡಿದೆ, 20-25 ನಿಮಿಷದ ಭಾಗ. ಹೆಸರಿನ ಮುಂದೆ 01, 02 ಅಂತ ಹಾಕಿ, ಪ್ಲೇಲಿಸ್ಟ್ ಕ್ರಮಾನ ಷಫಲ್ ಬದಲು ಸೀಕ್ವೆನ್ಶಿಯಲ್ ಮಾಡಿ, ರಾತ್ರಿ 9ರಿಂದ 12 ಅಂತ ಟೈಮ್ ಕೊಟ್ಟೆ. ಈ ಪ್ಲೇಲಿಸ್ಟಿಗೆ ಅಂತ ಕ್ರಾಸ್‌ಫೇಡೂ ತೆಗೀಬೇಕಾಯ್ತು, ಇಲ್ಲಾಂದ್ರೆ ಒಂದು ತುಂಡಿನ ಕೊನೆ ಇನ್ನೊಂದರ ಮೊದಲಿಗೆ ಬೆರೆತು ತಾಳ ತಪ್ಪಿದ ಹಾಗೆ ಕೇಳತ್ತೆ. ಅದಕ್ಕೆ ಸುಲಭ ದಾರಿ ಆ ಫೈಲ್‌ಗಳ ಫೇಡ್ ಮೌಲ್ಯ 0 ಮಾಡೋದು.

ಮಧ್ಯೆ ಮಧ್ಯೆ ಲೈವ್

ಮೈಕಿನ ಧ್ವನೀನ ಸರ್ವರಿಗೆ ಕಳಿಸೋಕೆ ಬಟ್ (BUTT) ಅಂತ ಒಂದು ಪುಟ್ಟ ಫ್ರೀ ಸಾಫ್ಟ್‌ವೇರ್ ಇದೆ, ಲ್ಯಾಪ್‌ಟಾಪಿಗೆ ಹಾಕಿ. ಅಜುರಾಕಾಸ್ಟಲ್ಲಿ ಸ್ಟ್ರೀಮರ್ ಅಂತ ಒಂದು ಅಕೌಂಟ್ ಮಾಡಿ ಆ ಹೆಸರು, ಪಾಸ್‌ವರ್ಡ್, 8005 ಪೋರ್ಟು, ಮೌಂಟ್ ಅನ್ನೋ ಕಡೆ ಬರೀ ಒಂದು ಓರೆಗೆರೆ ಕೊಟ್ಟು ಪ್ಲೇ ಒತ್ತಿದ್ರೆ ಮಷೀನು ಪಕ್ಕಕ್ಕೆ ಸರಿದು ನಿಮಗೆ ಜಾಗ ಬಿಡತ್ತೆ, ನೀವು ನಿಲ್ಲಿಸಿದ್ರೆ ವಾಪಸ್ ಬರತ್ತೆ. ಎಲ್ರಿಗೂ ಬೇರೆ ಬೇರೆ ಅಕೌಂಟ್ ಮಾಡಿ, ಒಂದೇ ಪಾಸ್‌ವರ್ಡ್ ಹಂಚಿದ್ರೆ ನಿಲ್ಲಿಸೋಕೆ ಮರೆತು ಊಟಕ್ಕೆ ಹೋದೋರು ಯಾರು ಅಂತ ಗೊತ್ತಾಗಲ್ಲ. ನಮ್ಮಲ್ಲಿ ಒಂದ್ಸಲ ಮೈಕ್ ಆನ್ ಇಟ್ಟು ಚಾ ಕುಡಿಯೋಕೆ ಹೋಗಿ ಹದಿನೈದು ನಿಮಿಷ ಊರ ರಾಜಕೀಯ ಪೂರಾ ಪ್ರಸಾರ ಆಯ್ತು. ಆವತ್ತೇ ಕೇಳುಗರು ಜಾಸ್ತಿ ಇದ್ದಿದ್ದು.

ಕೆಡೋದು ಎಲ್ಲೆಲ್ಲಿ

ಸ್ಟೇಷನ್ ಪೂರ್ತಿ ನಿಂತಿದ್ದು ಒಂದೇ ಸಲ, ಅದೂ ನನ್ನ ತಪ್ಪಿಂದ. ದಿನಾ ಬ್ಯಾಕಪ್ ಆಗ್ಲಿ ಅಂತ ಹಾಕಿದ್ದೆ, ಮೀಡಿಯಾ ಬಿಟ್ಟು ಮಾಡು ಅನ್ನೋ ಟಿಕ್ ಹಾಕಿರ್ಲಿಲ್ಲ, ಎಷ್ಟು ಕಾಪಿ ಇಟ್ಕೋಬೇಕು ಅನ್ನೋ ಕಡೆ 0 ಇತ್ತು. 0 ಅಂದ್ರೆ ಬೇಡ ಅಂತಲ್ಲ, ಎಲ್ಲಾ ಇಟ್ಕೋ ಅಂತ. ದಿನಕ್ಕೆ ಇಡೀ ಲೈಬ್ರರಿಯಷ್ಟು ತುಂಬಿ ತುಂಬಿ ವಾರದೊಳಗೆ ಡಿಸ್ಕ್ ಫುಲ್. ಈಗ ಮೀಡಿಯಾ ಬಿಟ್ಟು ಬ್ಯಾಕಪ್, 5 ಕಾಪಿ ಸಾಕು, ಮೂಲ ಫೈಲ್‌ಗಳು ಮನೇಲಿ ಎರಡು ಹಾರ್ಡ್ ಡಿಸ್ಕಲ್ಲಿ. ಲೈವ್ ರೆಕಾರ್ಡ್ ಮಾಡೋ ಆಯ್ಕೆ ಆನ್ ಇದ್ರೆ ಅದೂ ಸದ್ದಿಲ್ದೆ ಜಾಗ ತಿನ್ನತ್ತೆ, ತಿಂಗಳಿಗೊಮ್ಮೆ ನೋಡಿ ಅಳಿಸಿ.

ಹಾಡಿಸೋಕೆ ಏನೂ ಸಿಗದೇ ಇದ್ರೆ ಬರೋ ಧ್ವನಿ ಇಂಗ್ಲಿಷಲ್ಲಿದೆ. ಸ್ಟೇಷನ್ ಸೆಟ್ಟಿಂಗಲ್ಲಿ ಫಾಲ್‌ಬ್ಯಾಕ್ ಫೈಲ್ ಅಂತ ಇರತ್ತೆ, ಅಲ್ಲಿ ನಿಮ್ಮದೇ ಒಂದು ಹಾಕಿ. ನಮ್ಮದರಲ್ಲಿ ಬರೀ ಹತ್ತು ನಿಮಿಷ ಮಳೆ ಸದ್ದು, ಕೊನೇಲಿ "ಸ್ವಲ್ಪ ತೊಂದರೆ ಆಗಿದೆ, ಬಂದ್ವಿ" ಅಂತ. ಅಪ್ಡೇಟ್ ಮಾಡುವಾಗ ಮೊದಲು ಬ್ಯಾಕಪ್, ಆಮೇಲೆ ಅದೇ ಸ್ಕ್ರಿಪ್ಟಲ್ಲಿ ಅಪ್ಡೇಟ್ ಸೆಲ್ಫ್, ಆಮೇಲೆ ಅಪ್ಡೇಟ್, ಅದೂ ಮಧ್ಯರಾತ್ರಿ ಅಲ್ಲ, ಮಧ್ಯಾಹ್ನ ಎರಡಕ್ಕೆ. ಮಧ್ಯರಾತ್ರಿ ಕೆಟ್ರೆ ನೀವು ನಿದ್ದೆಗಣ್ಣಲ್ಲಿ ಇನ್ನಷ್ಟು ಕೆಡಿಸ್ತೀರ.

ಕೇಳೋರಿಗೆ ಹೆಂಗೆ ತಲುಪಿಸೋದು

ಅಜುರಾಕಾಸ್ಟ್ ಒಂದು ಪಬ್ಲಿಕ್ ಪೇಜ್ ಕೊಡತ್ತೆ, ಅಲ್ಲಿ ಪ್ಲೇ ಬಟನ್ ಇರತ್ತೆ. ಹುಡುಗರಿಗೆ ಅದು ಸಾಕು. ವಯಸ್ಸಾದೋರಿಗೆ ಲಿಂಕ್ ವಾಟ್ಸಾಪಲ್ಲಿ ಕಳಿಸಿ ಸುಮ್ನಾದ್ರೆ ಗುಡ್ ಮಾರ್ನಿಂಗ್ ಹೂವುಗಳ ಕೆಳಗೆ ಹೂತು ಹೋಗತ್ತೆ. ಮನೆಗೆ ಹೋಗಿ, ಫೋನ್ ಇಸ್ಕೊಂಡು, ಕ್ರೋಮಲ್ಲಿ ಆ ಪೇಜ್ ತೆಗೆದು, ಮೂರು ಚುಕ್ಕಿ ಒತ್ತಿ ಹೋಮ್ ಸ್ಕ್ರೀನಿಗೆ ಸೇರಿಸಿ ಕೊಡಿ. ನಮ್ಮಮ್ಮನ ಫೋನಲ್ಲಿ ಅದಕ್ಕೆ ಚಂಡೆ ಚಿತ್ರದ ಐಕಾನು ಇಟ್ಟಿದೀನಿ, ಓದೋದು ಬೇಡ, ಚಂಡೆ ಒತ್ತಿದ್ರೆ ಮಾತು ಶುರು. ನಿನ್ನೆ ರಾತ್ರಿ ಹತ್ತೂಕಾಲಿಗೆ ಪಾತ್ರೆ ತೊಳೀತಾ ಒಳಗಿಂದಾನೇ ಕೂಗಿದ್ರು, "ಏ, 03 ಎರಡು ಸಲ ಬಂತು ನೋಡು." ಹೋಗಿ ನೋಡಿದ್ರೆ ಹೌದು, ನಾಲ್ಕನೇ ತುಂಡಿಗೂ 03 ಅಂತಾನೇ ಹೆಸರು ಕೊಟ್ಟಿದ್ದೆ.